ಸರ್ಕಾರದ ವಾರ್ತಾಜಾಲವೂ ತಂತ್ರನ್ಯಾಯವೂ

ರಾಜರನ್ನು ಚಾರಚಕ್ಷುಗಳೆಂದು ಕರೆಯುವುದು ನಮ್ಮ ನೀತಿಗ್ರಂಥಗಳ ವಾಡಿಕೆ. ಕೋಶವೂ ದಂಡವೂ ಸಮೃದ್ಧವಾಗಿದ್ದರೂ ವಾರ್ತೆಯು ಬಂದು ಸೇರುವ ಮಾರ್ಗವಿಲ್ಲದಿದ್ದರೆ ಆಳುವವನು ಕುರುಡನೇ ಸರಿ ಎಂಬುದು ಆ ಮಾತಿನ ತಾತ್ಪರ್ಯ. ಇಲ್ಲಿ ವಾರ್ತೆಯೆಂದರೆ ಕೃಷಿ, ಪಾಶುಪಾಲ್ಯ, ವಾಣಿಜ್ಯಗಳೆಂಬ ಶಾಸ್ತ್ರೀಯಾರ್ಥವನ್ನು ಗ್ರಹಿಸದೆ, ಸಮಾಚಾರವೆಂಬ ಲೋಕರೂಢಿಯ ಅರ್ಥವನ್ನೇ ಗ್ರಹಿಸತಕ್ಕದ್ದು. ಹಿಂದೆ ಈ ವಾರ್ತೆಗೆ ಓಲೆಕಾರನ ಕಾಲೂ ಪಾರಿವಾಳದ ರೆಕ್ಕೆಯೂ ವಾಹನಗಳಾಗಿದ್ದುವು. ಬಳಿಕ ತಾಮ್ರ ಕಬ್ಬಿಣಗಳ ತಂತಿ ಬಂದಿತು. ಈಗ ಕೂದಲಿನಷ್ಟು ಸಣ್ಣನಾದ ಗಾಜಿನ ಎಳೆಯೊಳಗೆ ಬೆಳಕೇ ಓಲೆಕಾರನಾಗಿ ಓಡುತ್ತಿದೆ. ವಾಹನವು ಬದಲಾದರೂ ಒಂದು ಪ್ರಶ್ನೆಯು ಮಾತ್ರ ಮೊದಲಿನಂತೆಯೇ ಉಳಿದಿದೆ. ಸರ್ಕಾರದ ಅನೇಕ ಇಲಾಖೆಗಳು ತಮ್ಮ ತಮ್ಮ ವಾರ್ತೆಗೆ ಬೇರೆ ಬೇರೆ ಮಾರ್ಗಗಳನ್ನು ಮಾಡಿಕೊಳ್ಳಬೇಕೋ, ಅಥವಾ ಎಲ್ಲಕ್ಕೂ ಸಾಧಾರಣವಾದ ಮಾರ್ಗವೊಂದೇ ಸಾಕೋ? ಸಾಧಾರಣವೆಂಬ ಶಬ್ದವು ಇಂದಿನ ಕನ್ನಡದಲ್ಲಿ ‘ಸಾಮಾನ್ಯವಾದ, ಅಷ್ಟಕ್ಕಷ್ಟೆ’ ಎಂಬ ಅರ್ಥಕ್ಕೆ ಇಳಿದಿದೆ. ಈ ಲೇಖನದಲ್ಲಿ ಅದನ್ನು ‘ಅನೇಕರಿಗೆ ಸಮಾನವಾಗಿ ಸೇರಿದ’ ಎಂಬ ಮೂಲಾರ್ಥದಲ್ಲಿಯೇ ಬಳಸಿದೆ.

ಇದು ಯಂತ್ರಶಾಸ್ತ್ರಜ್ಞರ ವಿಷಯ, ಸಾಹಿತ್ಯದ ಉಪಾಧ್ಯಾಯರಿಗೂ ವಿದ್ವಾಂಸರಿಗೂ ಇದರಿಂದ ಆಗಬೇಕಾದುದೇನು ಎಂದು ವಾಚಕರು ಶಂಕಿಸಬಹುದು. ಆ ಶಂಕೆಗೆ ಎರಡು ಸಮಾಧಾನಗಳುಂಟು. ಅನೇಕರು ಒಂದನ್ನು ಹಂಚಿಕೊಳ್ಳುವುದು ಎಲ್ಲಿ ಯುಕ್ತ, ಎಲ್ಲಿ ಅಯುಕ್ತ ಎಂಬ ವಿಚಾರವನ್ನು ನಮ್ಮ ಪೂರ್ವಮೀಮಾಂಸಕರು ಎರಡು ಅಧ್ಯಾಯಗಳಷ್ಟು ವಿಸ್ತಾರವಾಗಿ ನಡೆಯಿಸಿದ್ದಾರೆಂಬುದು ಮೊದಲನೆಯದು. ಜಾಲದಲ್ಲಿ ಹರಿಯುವುದು ಕಡೆಗೆ ಭಾಷೆಯೇ ಆದುದರಿಂದ, ಲಿಪಿಯೂ ಶಬ್ದವೂ ಸರಿಯಾಗಿಲ್ಲದಿದ್ದರೆ ಜಾಲವೆಷ್ಟು ಬಲವಾಗಿದ್ದರೂ ವಾರ್ತೆಯು ತಲಪಲಾರದೆಂಬುದು ಎರಡನೆಯದು.

೧. ಮೀಮಾಂಸಕರ ವಿಭಾಗ

ಜೈಮಿನಿಯ ಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಹನ್ನೊಂದನೆಯದರ ವಿಷಯವು ತಂತ್ರ ಮತ್ತು ಆವಾಪ; ಹನ್ನೆರಡನೆಯದರದು ಪ್ರಸಂಗ. ಒಂದು ಸಲ ಮಾಡಿದ ಅಂಗವು ಅನೇಕ ಪ್ರಧಾನಗಳಿಗೆ ಉಪಕರಿಸಿದರೆ ಅದು ತಂತ್ರ. ಪ್ರತಿಯೊಂದು ಪ್ರಧಾನಕ್ಕೂ ಅಂಗವನ್ನು ಬೇರೆ ಬೇರೆಯಾಗಿ ಮಾಡಬೇಕಾದರೆ ಅದು ಆವಾಪ. ಒಂದಕ್ಕೆಂದು ಮಾಡಿದುದು ಪ್ರಯತ್ನವಿಲ್ಲದೆಯೇ ಇನ್ನೊಂದಕ್ಕೂ ಒದಗಿದರೆ ಅದು ಪ್ರಸಂಗ. ಇವಕ್ಕೆ ಹೇಳುವ ಲೌಕಿಕ ದೃಷ್ಟಾಂತಗಳು ಪಾಠಶಾಲೆಗಳಲ್ಲಿ ಪ್ರಸಿದ್ಧವಾಗಿವೆ. ಪಂಕ್ತಿಯಲ್ಲಿ ಕುಳಿತ ಅನೇಕ ಬ್ರಾಹ್ಮಣರ ನಡುವೆ ಇಟ್ಟ ದೀಪವೊಂದು ಎಲ್ಲರಿಗೂ ಬೆಳಕು ಕೊಡುವುದು ತಂತ್ರ. ಅದೇ ಬ್ರಾಹ್ಮಣರಿಗೆ ಗಂಧವನ್ನು ಹಚ್ಚುವುದು ಒಬ್ಬೊಬ್ಬನಿಗೂ ಬೇರೆಯಾಗಿಯೇ ಆಗಬೇಕಾದುದರಿಂದ ಆವಾಪ. ಅರಮನೆಯೊಳಗೆ ಹಚ್ಚಿದ ದೀಪವು ರಾಜಬೀದಿಗೂ ಬೆಳಕು ಚೆಲ್ಲುವುದು ಪ್ರಸಂಗ.

ತಂತ್ರವು ಎಲ್ಲಿ ಸಲ್ಲುವುದೆಂಬುದಕ್ಕೆ ಅವರು ನಿಯಮವನ್ನೂ ಹೇಳಿದ್ದಾರೆ. ದೇಶ, ಕಾಲ, ಕರ್ತೃ ಇವು ಒಂದೇ ಆಗಿದ್ದರೆ ತಂತ್ರ. ಇವುಗಳಲ್ಲಿ ಭೇದ ಬಂದರೆ ಆವಾಪ. ಪೂರ್ಣಿಮೆಯ ಮೂರು ಯಾಗಗಳಿಗೆ ಪ್ರಯಾಜಾದಿ ಅಂಗಗಳನ್ನು ಒಂದೇ ಸಲ ಮಾಡಿದರೆ ಸಾಕು. ಅಮಾವಾಸ್ಯೆಯ ಯಾಗಗಳಿಗಾದರೋ ಕಾಲವು ಬೇರೆಯಾದುದರಿಂದ ಅವನ್ನು ಮತ್ತೆ ಮಾಡಬೇಕು. ಯಜ್ಞಶಾಲೆಯ ಈ ನ್ಯಾಯವನ್ನು ಕಚೇರಿಗೆ ಅನ್ವಯಿಸಿದರೆ, ಯಾವುದನ್ನು ಹಂಚಿಕೊಳ್ಳಬಹುದು, ಯಾವುದನ್ನು ಹಂಚಿಕೊಳ್ಳಬಾರದು ಎಂಬುದು ಬಹಳ ಮಟ್ಟಿಗೆ ತಿಳಿಯಾಗುವುದೆಂದು ನನ್ನ ಅಭಿಪ್ರಾಯ.

೨. ಹಿಂದಿನ ಜಾಲಗಳು

ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ದೊರೆಯಿತು. ಅದರ ಎರಡನೆಯ ಅಧಿಕರಣದಲ್ಲಿ ವಿವೀತಾಧ್ಯಕ್ಷನ, ಎಂದರೆ ಹುಲ್ಲುಗಾವಲುಗಳ ಅಧಿಕಾರಿಯ, ಕರ್ತವ್ಯಗಳನ್ನು ಹೇಳುವಾಗ ಒಂದು ಕುತೂಹಲಕರವಾದ ವಿಧಿಯಿದೆ. ಶತ್ರುಗಳ ಅಥವಾ ಅಡವಿಯವರ ಸಂಚಾರವು ಕಂಡುಬಂದರೆ ಮುದ್ರೆಯೊಡಗೂಡಿದ ಸಾಕುಪಾರಿವಾಳಗಳ ಮೂಲಕವಾಗಲಿ, ಹೊಗೆ ಬೆಂಕಿಗಳ ಪರಂಪರೆಯಿಂದಾಗಲಿ ರಾಜನಿಗೆ ತಿಳಿಸಬೇಕೆಂದು ಅಲ್ಲಿ ಹೇಳಿದೆ. ಇದರಲ್ಲಿ ಗಮನಿಸತಕ್ಕ ಅಂಶಗಳು ಮೂರು. ದೂರವನ್ನು ತುಂಡುಮಾಡಿ ಒಂದು ಠಾಣೆಯಿಂದ ಇನ್ನೊಂದಕ್ಕೆ ದಾಟಿಸುವುದು ‘ಪರಂಪರೆ’ ಎಂಬ ಶಬ್ದದಿಂದ ಸೂಚಿತವಾಗಿದೆ. ವಾರ್ತೆಯು ನಿಜವಾದುದೆಂಬುದಕ್ಕೆ ಮುದ್ರೆಯು ಪ್ರಮಾಣ. ಒಂದು ಮಾರ್ಗವು ಒದಗದಿದ್ದರೆ ಇನ್ನೊಂದು ಇರಲೆಂದು ವಿಕಲ್ಪವನ್ನೂ ಹೇಳಿದೆ. ಇಂದಿನ ಜಾಲಶಾಸ್ತ್ರದ ಗ್ರಂಥಗಳೂ ಈ ಮೂರನ್ನೇ ಬೇರೆ ಹೆಸರುಗಳಿಂದ ಪ್ರತಿಪಾದಿಸುತ್ತಿವೆ.

ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಗೆ ಬಂದ ಇಬ್ನ್ ಬತೂತನು ಸುಲ್ತಾನನ ಟಪ್ಪಾಲನ್ನು ವರ್ಣಿಸಿದ್ದಾನೆ. ಕುದುರೆಯ ಟಪ್ಪಾಲು ಒಂದು, ಕಾಲಾಳುಗಳ ಟಪ್ಪಾಲು ಇನ್ನೊಂದು. ಕಾಲಾಳುಗಳ ಠಾಣೆಗಳು ಮೈಲಿಗೆ ಮೂರರಂತೆ ಇದ್ದುವು. ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಓಡುವವನ ಸದ್ದು ಕೇಳಿದೊಡನೆ ಮುಂದಿನವನು ಸಿದ್ಧನಾಗಿ ನಿಲ್ಲುತ್ತಿದ್ದನು. ಖುರಾಸಾನದ ಹಣ್ಣುಗಳೂ ಇದೇ ಮಾರ್ಗದಿಂದ ಸುಲ್ತಾನನಿಗೆ ಬರುತ್ತಿದ್ದುವಂತೆ. ರಾಜವಾರ್ತೆಗೆಂದು ಮಾಡಿದ ಮಾರ್ಗವು ಹಣ್ಣಿಗೂ ಒದಗಿದುದು ಶುದ್ಧವಾದ ಪ್ರಸಂಗ.

ನಮ್ಮ ನಾಡಿನ ವಿಷಯಕ್ಕೆ ಬಂದರೆ, ಮೈಸೂರಿನ ಅಂಚೆಯು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ವ್ಯವಸ್ಥಿತವಾದುದೆಂಬುದು ಪ್ರಸಿದ್ಧವಾಗಿದೆ. ಆ ಒಡೆಯರು ಆಡಳಿತವನ್ನು ಅಠಾರಾ ಕಚೇರಿಗಳೆಂಬ ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಓಲೆಗಳನ್ನು ಸಾಗಿಸುವ ಚಾವಡಿಗೆ ಇದ್ದ ಹೆಸರು ಬೇಹಿನ ಚಾವಡಿ. ಬೇಹು ಎಂದರೆ ಗೂಢಚರ್ಯೆ. ಈ ಹೆಸರು ಆಕಸ್ಮಿಕವಲ್ಲ. ೧೮೧೦ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸನು, ಈ ಅಂಚೆಯು ವಾರ್ತೆಯನ್ನು ಸಾಗಿಸುವ ಸಾಧನವಾಗಿದ್ದಂತೆಯೇ ವಾರ್ತೆಯನ್ನು ಸಂಪಾದಿಸುವ ಸಾಧನವೂ ಆಗಿತ್ತೆಂದು ಬರೆದಿದ್ದಾನೆ. ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರು. ಅವರ ಕೈಕೆಳಗಿನವರು ಬೇಹಿನವರು. ಹೊಯ್ದುಕೊಂಡು ಹೋಗುವವನೇ ಓದುವವನೂ ಆಗಿದ್ದನೆಂದು ಇದರ ಭಾವ. ಈ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಟಪ್ಪಾಲು ಇಲಾಖೆಯಲ್ಲಿ ಲೀನವಾಯಿತು. ತಿರುವಾಂಕೂರು ಕೊಚ್ಚಿಗಳಲ್ಲಿ ಅಂಚಲ್ ಎಂಬ ಹೆಸರಿನಿಂದಿದ್ದ ಇಂಥದೇ ಸಂಸ್ಥೆಯು ೧೯೫೧ರವರೆಗೂ ಬಾಳಿತು.

೩. ತಂತಿಯ ಕಾಲ

ಇಂಡಿಯಾದಲ್ಲಿ ವಿದ್ಯುತ್ತಂತಿಯ ಮೊದಲ ಮಾರ್ಗವು ೧೮೫೧ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ಓಶಾನೆಸಿಯೆಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ನಡೆಯಿತು. ೧೮೫೫ರಲ್ಲಿ ತಂತಿಯು ಸರ್ವಜನರಿಗೂ ತೆರೆಯಲ್ಪಟ್ಟಿತು. ರೈಲ್ವೆಯವರು ತಮ್ಮ ಬಂಡಿಗಳ ಸಂಚಾರಕ್ಕಾಗಿ ಹಳಿಯ ಪಕ್ಕದಲ್ಲಿ ತಂತಿ ಎಳೆದಿದ್ದರು. ಸರ್ಕಾರದ ತಂತಿಯ ಕಚೇರಿಯಿಲ್ಲದ ಎಷ್ಟೋ ಊರುಗಳಲ್ಲಿ ರೈಲ್ವೆ ಸ್ಟೇಷನ್ನಿನ ತಂತಿಯೇ ಜನರ ಸಂದೇಶಗಳನ್ನೂ ಒಯ್ಯುತ್ತಿತ್ತು. ಅರಮನೆಯ ದೀಪವು ಬೀದಿಗೆ ಬೆಳಕಾದುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನವು ದೊರೆಯಲಾರದು. ೧೮೮೫ರ ತಂತಿಯ ಶಾಸನವು ಈ ಮಾರ್ಗಗಳನ್ನು ಸ್ಥಾಪಿಸುವ ಹಕ್ಕನ್ನು ಸರ್ಕಾರಕ್ಕೇ ಮೀಸಲಿಟ್ಟಿತು. ಸಾರ್ವಜನಿಕ ಆಪತ್ತಿನ ಕಾಲದಲ್ಲಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನೂ ಕೊಟ್ಟಿತು. ಬೇಹಿನ ಚಾವಡಿಯು ಹೋದರೂ ಬೇಹು ಹೋಗಲಿಲ್ಲವೆನ್ನಬಹುದು. ತಂತಿಯ ಸೇವೆಯು ೨೦೧೩ನೆಯ ಜುಲೈ ತಿಂಗಳಲ್ಲಿ ನಿಂತುಹೋಯಿತು.

೪. ಈಗಿನ ಜಾಲ

ಸ್ವಾತಂತ್ರ್ಯಾನಂತರ ಬಹುಕಾಲ ಇಲಾಖೆಗಳು ಆವಾಪದ ಮಾರ್ಗವನ್ನೇ ಹಿಡಿದಿದ್ದುವು. ರೈಲ್ವೆಗೆ ಒಂದು, ಪೋಲೀಸಿಗೆ ಒಂದು, ವಿದ್ಯುತ್ತಿನವರಿಗೆ ಒಂದು ಎಂದು ಬೇರೆ ಬೇರೆ ಜಾಲಗಳು ಬೆಳೆದುವು. ಸಾಧಾರಣವಾದ ಜಾಲವೊಂದರ ಪ್ರಯತ್ನವು ೧೯೭೬ರಲ್ಲಿ ಸ್ಥಾಪಿತವಾದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಎಂಬ ಸಂಸ್ಥೆಯಿಂದ ನಡೆಯಿತು. ೧೯೮೦ರ ದಶಕದ ಕೊನೆಯಲ್ಲಿ ಆ ಸಂಸ್ಥೆಯವರು ನಿಕ್‌ನೆಟ್ ಎಂಬ ಜಾಲದಿಂದ ದೆಹಲಿಯನ್ನೂ ರಾಜ್ಯಗಳ ರಾಜಧಾನಿಗಳನ್ನೂ ಜಿಲ್ಲಾ ಕೇಂದ್ರಗಳನ್ನೂ ಕೂಡಿಸಿದರು. ಜಿಲ್ಲೆಯ ಕಚೇರಿಯ ಮಾಳಿಗೆಯ ಮೇಲೆ ಸಣ್ಣದೊಂದು ಬಟ್ಟಲಿನಂಥ ಗ್ರಾಹಕವನ್ನಿಟ್ಟು, ಆಕಾಶದ ಉಪಗ್ರಹದ ಮೂಲಕ ವಾರ್ತೆಯನ್ನು ಕಳುಹಿಸುವುದು ಅದರ ಕ್ರಮ.

ಭಾರತ ಸರ್ಕಾರವು ೨೦೦೫ನೆಯ ಮಾರ್ಚಿಯಲ್ಲಿ ೩,೩೩೪ ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಅಂಗೀಕರಿಸಿತು. ಪ್ರತಿಯೊಂದು ರಾಜ್ಯದಲ್ಲಿಯೂ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಉಪವಿಭಾಗ ತಾಲ್ಲೂಕುಗಳಿಗೆ ಮರದ ಕೊಂಬೆಗಳಂತೆ ಜಾಲವು ಇಳಿಯಬೇಕು. ಪ್ರತಿಯೊಂದು ಕೊಂಬೆಯೂ ಸೆಕೆಂಡಿಗೆ ಕನಿಷ್ಠಪಕ್ಷ ೨೦ ಲಕ್ಷ ಬಿಟ್ಟುಗಳನ್ನು ಸಾಗಿಸಬೇಕು ಎಂಬುದು ಅದರ ಸಂಕಲ್ಪ. ಬಿಟ್ಟೆಂದರೆ ಹೌದು ಅಥವಾ ಅಲ್ಲ ಎಂಬೆರಡರಲ್ಲಿ ಒಂದನ್ನು ತಿಳಿಸುವ ಅತ್ಯಲ್ಪವಾದ ವಾರ್ತಾಂಶ. ಈ ಯೋಜನೆಗೆ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್ ಎಂದು ಹೆಸರು. ಕರ್ನಾಟಕದ ಜಾಲವನ್ನು ಕೆ-ಸ್ವಾನ್ ಎನ್ನುವರು. ೨೦೧೦ರಲ್ಲಿ ೫,೯೯೦ ಕೋಟಿ ರೂಪಾಯಿಗಳ ರಾಷ್ಟ್ರೀಯ ಜ್ಞಾನಜಾಲವು ವಿದ್ಯಾಸಂಸ್ಥೆಗಳಿಗಾಗಿ ಅಂಗೀಕೃತವಾಯಿತು. ೨೦೧೧ರಲ್ಲಿ ಸುಮಾರು ಎರಡೂವರೆ ಲಕ್ಷ ಗ್ರಾಮಪಂಚಾಯಿತಿಗಳನ್ನು ಗಾಜಿನ ಎಳೆಯಿಂದ ಕೂಡಿಸುವ ಯೋಜನೆಯು ಹೊರಟಿತು. ಅದಕ್ಕೆ ಈಗಿನ ಹೆಸರು ಭಾರತ್‌ನೆಟ್.

ಇಲ್ಲಿ ಸಾಧಾರಣತ್ವದ ಲಾಭವನ್ನು ಗಣಿತದಿಂದ ತೋರಿಸಬಹುದು. ಕರ್ನಾಟಕದಲ್ಲಿ ೩೧ ಜಿಲ್ಲೆಗಳಿವೆ. ಪ್ರತಿಯೊಂದು ಜಿಲ್ಲಾ ಕೇಂದ್ರದಿಂದಲೂ ಮಿಕ್ಕ ಪ್ರತಿಯೊಂದಕ್ಕೂ ನೇರವಾಗಿ ತಂತಿ ಎಳೆದರೆ ೪೬೫ ತಂತಿಗಳು ಬೇಕು. ನಡುವೆ ಒಂದು ಕೂಡುದಾಣವನ್ನಿಟ್ಟು ಎಲ್ಲವನ್ನೂ ಅದಕ್ಕೆ ಸೇರಿಸಿದರೆ ೩೧ ಸಾಕು. ಹತ್ತು ಇಲಾಖೆಗಳು ಇದನ್ನೇ ತಮತಮಗೆ ಬೇರೆಯಾಗಿ ಮಾಡಿಕೊಂಡರೆ ೩೧೦ ಆಗುವುವು. ಹತ್ತೂ ಕೂಡಿಕೊಂಡರೆ ಮತ್ತೆ ೩೧. ಆದರೆ ಹತ್ತು ಇಲಾಖೆಗಳ ಭಾರವು ಒಂದೇ ತಂತಿಯ ಮೇಲೆ ಬಿದ್ದರೆ ಅದು ಹತ್ತುಪಟ್ಟು ದಪ್ಪವಾಗಬೇಡವೇ ಎಂದರೆ, ಬೇಡ. ಖಜಾನೆಗೆ ತಿಂಗಳ ಕೊನೆಯಲ್ಲಿ ಕೆಲಸ ಹೆಚ್ಚು. ಪರೀಕ್ಷೆಯ ಇಲಾಖೆಗೆ ಬೇಸಿಗೆಯಲ್ಲಿ ಹೆಚ್ಚು. ಕಂದಾಯದವರಿಗೆ ಬೆಳೆಯ ಲೆಕ್ಕದ ಕಾಲದಲ್ಲಿ ಹೆಚ್ಚು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಪೂರ್ಣಭಾರ ಬರುವುದು ಅಪೂರ್ವ. ಆದುದರಿಂದ ಒಬ್ಬನು ಸುಮ್ಮನಿರುವಾಗ ಇನ್ನೊಬ್ಬನು ಆ ಅವಕಾಶವನ್ನು ಬಳಸುತ್ತಾನೆ.

ಈ ಬಳಕೆಯು ಸಾಧ್ಯವಾಗುವುದು ಹೇಗೆಂದರೆ, ಜಾಲವು ಓಲೆಯನ್ನು ಇಡಿಯಾಗಿ ಸಾಗಿಸುವುದಿಲ್ಲ. ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಮಾಡಿ, ಪ್ರತಿಯೊಂದರ ಮೇಲೂ ಕಳುಹಿಸಿದವನ ವಿಳಾಸವನ್ನೂ ಸೇರಬೇಕಾದವನ ವಿಳಾಸವನ್ನೂ ಬರೆದು ಬಿಡುತ್ತದೆ. ಹತ್ತು ಇಲಾಖೆಗಳ ಪೊಟ್ಟಣಗಳು ಒಂದೇ ಎಳೆಯಲ್ಲಿ ಬೆರೆತು ಹೋಗುತ್ತವೆ. ಕೂಡುದಾಣದ ಯಂತ್ರವು ವಿಳಾಸವನ್ನು ನೋಡಿ ಬೇರ್ಪಡಿಸುತ್ತದೆ. ಒಂದು ಇಲಾಖೆಯ ಗುಟ್ಟನ್ನು ಇನ್ನೊಂದು ತಿಳಿಯಬಾರದಾದರೆ, ಪೊಟ್ಟಣದೊಳಗಿನ ಬರೆಹವನ್ನು ಬೀಜಾಕ್ಷರಗಳಿಂದ ಗೂಢಗೊಳಿಸಿ, ಆ ಪೊಟ್ಟಣವನ್ನು ಮತ್ತೊಂದರೊಳಗಿಟ್ಟು ಕಳುಹಿಸುವರು. ಹೊರಗಿನದನ್ನು ಜಾಲದವನು ಓದಬಲ್ಲನು. ಒಳಗಿನದನ್ನು ಕೀಲಿಯುಳ್ಳವನು ಮಾತ್ರ ಓದಬಲ್ಲನು. ಮಾರ್ಗವು ತಂತ್ರ, ಮುದ್ರೆಯು ಆವಾಪ: ದೀಪವೊಂದೇ ಆದರೂ ಗಂಧವು ಒಬ್ಬೊಬ್ಬನಿಗೂ ಬೇರೆ.

ಪ್ರಸಂಗಕ್ಕೂ ಇಲ್ಲಿ ಸ್ಥಾನವುಂಟು. ರೈಲ್ವೆಯವರು ಹಳಿಗಳುದ್ದಕ್ಕೂ ತಮ್ಮ ಸಂಜ್ಞೆಗಳಿಗಾಗಿ ಗಾಜಿನ ಎಳೆಯನ್ನು ಹಾಕಿದ್ದಾರೆ. ಅದರಲ್ಲಿ ಮಿಕ್ಕಿದ ಶಕ್ತಿಯನ್ನು ಇತರರಿಗೆ ಒದಗಿಸಲು ೨೦೦೦ರಲ್ಲಿ ರೈಲ್‌ಟೆಲ್ ಎಂಬ ಸಂಸ್ಥೆಯು ಹುಟ್ಟಿತು. ವಿದ್ಯುತ್ತನ್ನು ಸಾಗಿಸುವ ಎತ್ತರದ ಗೋಪುರಗಳ ತುದಿಯಲ್ಲಿ ಸಿಡಿಲಿನಿಂದ ರಕ್ಷಿಸುವ ಒಂದು ತಂತಿಯಿರುತ್ತದೆ. ಪವರ್‌ಗ್ರಿಡ್ ಸಂಸ್ಥೆಯವರು ಆ ತಂತಿಯ ಹೊಟ್ಟೆಯೊಳಗೇ ಗಾಜಿನ ಎಳೆಗಳನ್ನಿಟ್ಟಿದ್ದಾರೆ. ಪಂಚಾಯಿತಿಗಳ ಯೋಜನೆಯಲ್ಲಿ ಹೊಸದಾಗಿ ಎಳೆಯುವುದಲ್ಲದೆ ಈ ಸಂಸ್ಥೆಗಳ ಎಳೆಗಳನ್ನೂ ಬಳಸಬೇಕೆಂದು ಸಂಕಲ್ಪಿಸಿದರು.

೫. ಸಾಧಾರಣತ್ವದ ಮಿತಿ

ಇಷ್ಟರಿಂದ ಎಲ್ಲವನ್ನೂ ಒಂದೇ ಜಾಲಕ್ಕೆ ಸೇರಿಸಿಬಿಡಬೇಕೆಂದು ಸಿದ್ಧವಾಯಿತೇ? ಇಲ್ಲ. ತಂತ್ರಕ್ಕೆ ದೇಶ ಕಾಲ ಕರ್ತೃಗಳ ಐಕ್ಯವು ಬೇಕೆಂಬ ನಿಯಮವನ್ನು ಇಲ್ಲಿ ಮರೆಯಬಾರದು.

ಮೊದಲನೆಯದು ಕಾಲಭೇದ. ಪ್ರವಾಹವೋ ಬೆಂಕಿಯೋ ಬಂದಾಗ ಪೋಲೀಸಿನವರಿಗೂ ಅಗ್ನಿಶಾಮಕದವರಿಗೂ ವಾರ್ತೆಯು ಅದೇ ಕ್ಷಣದಲ್ಲಿ ಬೇಕು. ಕಂದಾಯದ ಲೆಕ್ಕವು ಮಾರನೆಯ ದಿನ ಬಂದರೂ ಆದೀತು. ಆಪತ್ಕಾಲವು ನಿತ್ಯಕಾಲಕ್ಕಿಂತ ಬೇರೆ. ಅದೇ ಪ್ರವಾಹವು ಸಾಧಾರಣಜಾಲದ ಎಳೆಯನ್ನೂ ಕಡಿದುಹಾಕಿದ್ದರೆ, ಒಂದೇ ಪೆಟ್ಟಿಗೆ ಎಲ್ಲ ಇಲಾಖೆಗಳೂ ಮೂಗರಾಗುವುವು. ಆದುದರಿಂದ ಇಂಥ ಕಡೆ ನಿಸ್ತಂತುವಿನ ಬೇರೆ ಮಾರ್ಗವನ್ನು ಆವಾಪವಾಗಿ ಉಳಿಸಿಕೊಳ್ಳುವುದೇ ನ್ಯಾಯ. ಕೌಟಿಲ್ಯನು ಪಾರಿವಾಳದೊಡನೆ ಹೊಗೆ ಬೆಂಕಿಗಳನ್ನೂ ಹೇಳಿದುದರ ಮರ್ಮವು ಇದೇ. ಅಮೆರಿಕದ ಸಂಯುಕ್ತ ಸರ್ಕಾರದವರು ೧೯೮೮ರಲ್ಲಿ ತಮ್ಮ ಇಲಾಖೆಗಳಿಗೆಲ್ಲ ಸಾಧಾರಣವಾದ ದೂರವಾಣಿಯ ಜಾಲವನ್ನು ಗುತ್ತಿಗೆಗೆ ಕೊಡುವಾಗ ಅದನ್ನು ಒಬ್ಬರಿಗೇ ಕೊಡದೆ, ಎಟಿ ಅಂಡ್ ಟಿ, ಸ್ಪ್ರಿಂಟ್ ಎಂಬ ಎರಡು ಸಂಸ್ಥೆಗಳಿಗೆ ಅರುವತ್ತು ನಲವತ್ತರ ಪ್ರಮಾಣದಲ್ಲಿ ಹಂಚಿದರು. ಒಬ್ಬರನ್ನೇ ನಂಬಿ ಕೂರದಿರುವುದು ಸಾಧಾರಣಜಾಲಕ್ಕೂ ವಿಹಿತವೇ ಆಗಿದೆ.

ಎರಡನೆಯದು ಪ್ರಸಂಗದ ದೌರ್ಬಲ್ಯ. ಅರಮನೆಯವರು ದೀಪವನ್ನು ಆರಿಸಿದರೆ ಬೀದಿಯವನು ಕೇಳುವಂತಿಲ್ಲ. ಪರಾರ್ಥವಾದ ಎಳೆಯಿಂದ ಉಪಕಾರ ಪಡೆಯುವ ಕಚೇರಿಯು, ಅದನ್ನು ಕರಾರಿನಿಂದ ತನ್ನದಾಗಿಸಿಕೊಳ್ಳದಿದ್ದರೆ, ಮುಖ್ಯವಾದ ಕಾರ್ಯವನ್ನು ಅದರ ಮೇಲೆ ನಿಲ್ಲಿಸಬಾರದು.

ಮೂರನೆಯದು ಕರ್ತೃಭೇದ; ಇದು ಎಲ್ಲಕ್ಕಿಂತ ಗುರುತರವಾದುದು. ಒಯ್ಯುವವನೂ ಓದುವವನೂ ಒಂದೇ ಆಗಬಾರದು. ಬೇಹಿನ ಚಾವಡಿಯಲ್ಲಿ ಇವೆರಡೂ ಒಂದಾಗಿದ್ದುವು. ಆಗ ಪ್ರಜೆಗೆ ಅದನ್ನು ಪ್ರಶ್ನಿಸುವ ಸ್ಥಾನವಿರಲಿಲ್ಲ. ಈಗ ಪ್ರಜೆಯ ಪಹಣಿ, ಪಡಿತರ, ಆರೋಗ್ಯ, ತೆರಿಗೆಗಳ ವಾರ್ತೆಗಳೆಲ್ಲ ಒಂದೇ ಸಾಧಾರಣಜಾಲದಲ್ಲಿ ಹರಿಯುತ್ತಿರುವುದರಿಂದ, ಒಂದು ಕಡೆ ಕುಳಿತವನು ಅವನ್ನೆಲ್ಲ ಒಟ್ಟುಗೂಡಿಸಿ ನೋಡುವುದು ಹಿಂದಿಗಿಂತ ಎಷ್ಟೋ ಸುಲಭವಾಗಿದೆ. ದೂರವಾಣಿಯ ಮಾತುಗಳನ್ನು ಕದ್ದು ಕೇಳುವುದು ವ್ಯಕ್ತಿಯ ಏಕಾಂತದ ಹಕ್ಕಿಗೆ ಭಂಗವೆಂದೂ ಅದಕ್ಕೆ ವಿಧಿಬದ್ಧವಾದ ಕಟ್ಟುಪಾಡುಗಳಿರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ತೀರ್ಪಿತ್ತಿತು. ಏಕಾಂತವು ಮೂಲಭೂತವಾದ ಹಕ್ಕೆಂದು ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ನೆಯ ಆಗಸ್ಟ್ ೨೪ರಂದು ನಿರ್ಣಯಿಸಿತು. ಆ ವ್ಯವಹಾರದಲ್ಲಿ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. ೧೮೮೫ರ ಶಾಸನದ ಸ್ಥಾನಕ್ಕೆಂದು ರಚಿತವಾದ ೨೦೨೩ರ ದೂರಸಂಪರ್ಕ ಶಾಸನದಲ್ಲಿಯೂ ಸಂದೇಶಗಳನ್ನು ತಡೆದು ನೋಡುವ ಅಧಿಕಾರವು ಉಳಿದಿದೆ. ಹೀಗಿರುವುದರಿಂದ ಜಾಲವನ್ನು ನಡೆಯಿಸುವವರ ಕೈಯೂ ಅದರೊಳಗಣ ವಾರ್ತೆಯ ಕೀಲಿಯನ್ನು ಹಿಡಿದವರ ಕೈಯೂ ಬೇರೆ ಬೇರೆಯಾಗಿರಬೇಕೆಂಬುದನ್ನು ಬಲ್ಲವರು ಒತ್ತಿ ಹೇಳುತ್ತಿರಬೇಕು.

೬. ಲಿಪಿಯ ಸಾಧಾರಣತ್ವ

ಕಡೆಯದಾಗಿ ನಮ್ಮ ವರ್ಗದವರಿಗೆ ನೇರವಾಗಿ ಸೇರಿದ ಮಾತು. ಕೆಲವು ವರ್ಷಗಳ ಹಿಂದೆ ನಾನು ತಾಳೆಯೋಲೆಯ ಗ್ರಂಥಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಒಂದು ಕಚೇರಿಗೆ ಜಾಲದ ಮೂಲಕ ಕಳುಹಿಸಿದ್ದೆನು. ಪಟ್ಟಿಯು ಕ್ಷಣಮಾತ್ರದಲ್ಲಿ ತಲಪಿತು. ಆದರೆ ಅಲ್ಲಿ ತೆರೆದು ನೋಡಿದರೆ ಗ್ರಂಥನಾಮಗಳಿಗೆ ಬದಲಾಗಿ ರೋಮನ್ ಅಕ್ಷರಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ಸಾಲುಸಾಲಾಗಿ ಕಂಡುವಂತೆ. ಕಡೆಗೆ ಕಾಗದದ ಮೇಲೆ ಬರೆದು ಬಸ್ಸಿನಲ್ಲಿ ಹೋಗಿ ಕೊಟ್ಟುಬಂದೆನು. ದೋಷವು ಜಾಲದ್ದಲ್ಲ. ನಾನು ಬಳಸಿದ ಅಕ್ಷರವಿನ್ಯಾಸದ ಸಂಖ್ಯೆಗಳು ಬೇರೆ, ಅಲ್ಲಿನ ಯಂತ್ರದವು ಬೇರೆ. ಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬ ಸಮಯವು ಇಬ್ಬರಿಗೂ ಸಾಧಾರಣವಾಗಿರದಿದ್ದರೆ, ಮಾರ್ಗವು ಸಾಧಾರಣವಾಗಿದ್ದು ಫಲವಿಲ್ಲ.

ಈ ಸಂಕೇತದ ವಿಷಯದಲ್ಲಿ ನಮ್ಮ ದೇಶದವರು ಮಾಡಿದ ಕೆಲಸವು ಶ್ಲಾಘ್ಯವಾದುದು. ೧೯೯೧ರ ಇಸ್ಕೀ ಎಂಬ ಭಾರತೀಯ ಮಾನಕದಲ್ಲಿ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮವು ಒಂದೇ ಎಂಬ ತತ್ತ್ವವನ್ನು ಹಿಡಿದು, ಒಂದೇ ಸಂಖ್ಯಾಕ್ರಮವನ್ನು ಎಲ್ಲಕ್ಕೂ ವಿಧಿಸಿದರು. ಈಗ ಲೋಕದಲ್ಲೆಲ್ಲ ನಡೆಯುವ ಯೂನಿಕೋಡ್ ಎಂಬ ಸಂಕೇತದಲ್ಲಿಯೂ ಆ ಕ್ರಮದ ಛಾಯೆಯಿದೆ. ಅದರಲ್ಲಿ ನಾಗರಿಯ ಕಕಾರಕ್ಕೆ ೨೩೨೫, ಕನ್ನಡದ ಕಕಾರಕ್ಕೆ ೩೨೨೧. ಇವುಗಳ ಅಂತರವು ೮೯೬, ಎಂದರೆ ೧೨೮ರ ಏಳುಪಟ್ಟು. ಪ್ರತಿಯೊಂದು ಲಿಪಿಗೂ ೧೨೮ ಮನೆಗಳ ಕೇರಿಯನ್ನು ಕೊಟ್ಟಿರುವುದರಿಂದಲೂ ನಾಗರಿಯಿಂದ ಏಳನೆಯ ಕೇರಿಯು ಕನ್ನಡದ್ದಾದುದರಿಂದಲೂ, ಖ ಗ ಘಗಳಿಗೂ ಅಂತರವು ಅದೇ ಆಗಿರುವುದು. ಶಿಕ್ಷಾಶಾಸ್ತ್ರದ ವರ್ಣಕ್ರಮವು ಯಂತ್ರದ ಹೊಟ್ಟೆಯೊಳಗೂ ಕುಳಿತಿದೆಯೆಂದು ವಿದ್ಯಾರ್ಥಿಗಳಿಗೆ ತೋರಿಸಿದರೆ ಅವರಿಗೆ ಎರಡರ ಮೇಲೆಯೂ ಆದರ ಹುಟ್ಟೀತು.

ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದುವು. ಅವುಗಳಲ್ಲಿ ಹೆಸರು ಒಂದಕ್ಷರ ತಪ್ಪಿದರೂ ರೈತನು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುವುದು. ಅವನ ಪಾಲಿಗೆ ದೀರ್ಘವೂ ಒತ್ತಕ್ಷರವೂ ವ್ಯಾಕರಣದ ವಿಷಯಗಳಲ್ಲ, ಹೊಲದ ವಿಷಯಗಳು. ೧೯೬೩ರ ಶಾಸನದಿಂದ ಕನ್ನಡವು ರಾಜ್ಯದ ಆಡಳಿತಭಾಷೆಯಾಗಿದೆ. ಆ ಶಾಸನವು ತಾಲ್ಲೂಕಿನ ಕೊನೆಯವರೆಗೆ ಸಾರ್ಥಕವಾಗುವುದು ಜಾಲದಲ್ಲಿ ಕನ್ನಡವು ಕೆಡದೆ ಹರಿದಾಗ ಮಾತ್ರವೇ. ಆದುದರಿಂದ ವಿದ್ಯಾರ್ಥಿಗಳಿಗೆ ಬರೆಹವನ್ನು ಕಲಿಸುವವರು, ಕಾಗುಣಿತದೊಡನೆಯೇ ಸರ್ವಸಾಧಾರಣವಾದ ಸಂಕೇತದಲ್ಲಿ ಕನ್ನಡವನ್ನು ಬರೆಯುವುದನ್ನೂ ಕಲಿಸುವುದು ಇಂದು ಉಪಾಧ್ಯಾಯಧರ್ಮದ ಭಾಗವಾಗಿದೆ.

ಒಂದು ಶಬ್ದದ ಮಾತನ್ನು ಹೇಳಿ ಮುಗಿಸುತ್ತೇನೆ. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ಅದು ಹಂಸಶಬ್ದದ ತದ್ಭವ. ಟಪ್ಪಾಲೆಂಬರ್ಥದ ಅಂಚೆಯೂ ಅದೇ ಶಬ್ದವೆನ್ನಲು ರೂಪಸಾಮ್ಯವೊಂದೇ ಸಾಲದಾದರೂ, ನಳದಮಯಂತಿಯರ ಕಥೆಯನ್ನು ಬಲ್ಲವರಿಗೆ ಹಂಸವು ವಾರ್ತೆಯನ್ನು ಒಯ್ದುದು ನೆನಪಾಗದಿರದು. ರಾಜ್ಯಜಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಸ್ವಾನ್ ಎಂದಾಗುವುದು. ಆ ಭಾಷೆಯಲ್ಲಿ ಅದಕ್ಕೂ ಹಂಸವೆಂದೇ ಅರ್ಥ. ಹೆಸರಿಟ್ಟವರು ಇದನ್ನು ಎಣಿಸಿರಲಿ ಬಿಡಲಿ, ಹಂಸಕ್ಕೆ ಕವಿಸಮಯದಲ್ಲಿ ಹೇಳಿದ ಗುಣವೊಂದು ಈ ಜಾಲಕ್ಕೆ ಅವಶ್ಯವಾಗಿ ಬೇಕಾಗಿದೆ. ಒಂದೇ ಪಾತ್ರೆಯಲ್ಲಿ ಬೆರೆತ ಹಾಲನ್ನೂ ನೀರನ್ನೂ ಅದು ಬೇರ್ಪಡಿಸಬಲ್ಲುದು. ಒಂದೇ ಎಳೆಯಲ್ಲಿ ಬೆರೆತು ಬರುವ ವಾರ್ತೆಗಳಲ್ಲಿ ಯಾವುದು ಯಾರದು, ಯಾವುದನ್ನು ಯಾರು ನೋಡಬಾರದು ಎಂಬ ವಿವೇಕವು ಯಂತ್ರದಲ್ಲಿಯೂ ಯಂತ್ರವನ್ನು ನಡೆಯಿಸುವವರಲ್ಲಿಯೂ ಇದ್ದರೆ ಮಾತ್ರ ಸಾಧಾರಣಜಾಲವು ಪ್ರಜೆಗೆ ಹಿತವಾಗುವುದು.